ದೂರದ ಸುದ್ದಿಗೆ ಒಂದು ‘ಅಂತೆ’ ಇರಲಿ

2025ರ ಸೆಪ್ಟೆಂಬರ್ 20, ಶನಿವಾರ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ದಸರೆಗೆಂದು ಅಮೆರಿಕದಿಂದ ಮೈಸೂರಿಗೆ ಬಂದಿದ್ದ ನನ್ನ ಅಕ್ಕನ ಮಗ ಬೆಳಗಿನ ಕಾಫಿಗೂ ಮೊದಲೇ ಪೆಟ್ಟಿಗೆ ಕಟ್ಟಲು ಕುಳಿತಿದ್ದ. ರಾತ್ರೋರಾತ್ರಿ ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಬಂದಿದ್ದ ಸಂದೇಶ ಹೀಗಿತ್ತು: “ಎಚ್-1ಬಿ ಇರುವವರು ನಾಳೆ ಬೆಳಗ್ಗೆ 9.30ರೊಳಗೆ ಅಮೆರಿಕ ತಲುಪದಿದ್ದರೆ ಪ್ರತಿ ವರ್ಷ 88 ಲಕ್ಷ ಕಟ್ಟಬೇಕು. ಎಲ್ಲರಿಗೂ ತಿಳಿಸಿ.”

ಈ ಸಂದೇಶದಲ್ಲಿ ಹಸಿ ಸುಳ್ಳು ಎನ್ನುವಂಥದ್ದು ಯಾವುದೂ ಇರಲಿಲ್ಲ. ನುರಿತ ವಿದೇಶಿ ಉದ್ಯೋಗಿಗಳಿಗೆ ಅಮೆರಿಕ ಕೊಡುವ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಅಧ್ಯಕ್ಷ ಟ್ರಂಪ್ ಅವರು ಸಹಿ ಹಾಕಿದ್ದು ನಿಜ, ಅದು ಜಾರಿಗೆ ಬರುವ ಹೊತ್ತು ನಮ್ಮ ಗಡಿಯಾರದಲ್ಲಿ ಭಾನುವಾರ ಬೆಳಗಿನ ಒಂಬತ್ತೂವರೆ ಎಂಬುದೂ ನಿಜ, ‘ಪ್ರತಿ ವರ್ಷ’ ಎಂಬ ಮಾತನ್ನು ಸಹಿಯ ಸಮಾರಂಭದಲ್ಲಿ ವಾಣಿಜ್ಯ ಸಚಿವ ಹೊವಾರ್ಡ್ ಲಟ್ನಿಕ್ ಅವರೇ ಆಡಿದ್ದರು. ಆದರೆ ಮರುದಿನ ಶ್ವೇತಭವನವು ಇದು ವಾರ್ಷಿಕ ಶುಲ್ಕವಲ್ಲ, ಒಂದು ಬಾರಿ ಕಟ್ಟುವಂಥದ್ದು ಎಂದಿತು. ವಲಸೆ ಇಲಾಖೆಯು ತನ್ನ ಸುತ್ತೋಲೆಯಲ್ಲಿ ಇದು ಇನ್ನು ಮುಂದೆ ಸಲ್ಲಿಸುವ ಹೊಸ ಅರ್ಜಿಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿತು. ಆ ಸ್ಪಷ್ಟನೆ ನಮ್ಮನ್ನು ತಲುಪುವಾಗ ಹುಡುಗ ದುಬೈ ದಾಟಿ ಆಕಾಶದಲ್ಲಿದ್ದ. ದಸರೆಯೂ ತಪ್ಪಿತು, ದುಪ್ಪಟ್ಟು ತೆತ್ತ ಟಿಕೆಟ್ಟಿನ ದುಡ್ಡೂ ಹೋಯಿತು.

‘ಮಳೆ ಬಂತು’ ಎನ್ನುವುದಕ್ಕೂ ‘ಮಳೆ ಬಂತಂತೆ’ ಎನ್ನುವುದಕ್ಕೂ ಇರುವ ಅಂತರವನ್ನು ಕನ್ನಡದ ಮಗುವೂ ಬಲ್ಲದು. ನಾನು ಕಣ್ಣಾರೆ ಕಂಡಿಲ್ಲ, ಇನ್ನೊಬ್ಬರು ಹೇಳಿದ್ದನ್ನು ಹೇಳುತ್ತಿದ್ದೇನೆ ಎಂಬುದನ್ನು ಎರಡಕ್ಷರದಲ್ಲಿ ತಿಳಿಸುವ ಸೌಲಭ್ಯವನ್ನು ನಮ್ಮ ಭಾಷೆ ಕೊಟ್ಟಿದೆ. ‘ಅಂತೆಕಂತೆ’ ಎಂದು ಹೀಗಳೆದು ಅದಕ್ಕೆ ಕೆಟ್ಟ ಹೆಸರು ತಂದವರು ನಾವು. ಪತ್ರಿಕೆಯೊಂದರ ವಿದೇಶ ಪುಟಕ್ಕೆ ಏಜೆನ್ಸಿ ಸುದ್ದಿಗಳನ್ನು ಹಲವು ವರ್ಷ ಅನುವಾದಿಸಿದ ನನ್ನ ಅನುಭವದಲ್ಲಿ, ದೂರದ ಸುದ್ದಿ ಕೆಡುವುದು ಹೆಚ್ಚಾಗಿ ಈ ‘ಅಂತೆ’ ಎಲ್ಲೋ ದಾರಿಯಲ್ಲಿ ಬಿದ್ದುಹೋದಾಗ. ಅಮೆರಿಕದ ರಾಜಕೀಯವನ್ನೋ ಸುಡಾನ್‌ನಂಥ ಯಾರೂ ಗಮನಿಸದ ಯುದ್ಧವನ್ನೋ ಕನ್ನಡದಲ್ಲಿ ಹಂಚುವ ಪ್ರತಿಯೊಬ್ಬರೂ, ತಮಗೆ ತಿಳಿದೋ ತಿಳಿಯದೆಯೋ, ಆ ಸುದ್ದಿಯ ಕೊನೆಯ ಅನುವಾದಕರಾಗಿರುತ್ತಾರೆ. ಅಂಥವರಿಗಾಗಿ ಈ ಬರಹ.

ಕಾನೂನೇ, ಮಸೂದೆಯೇ, ಬರೀ ಮಾತೇ?

ಅಮೆರಿಕದ ಸುದ್ದಿ ಕೈಗೆ ಬಂದಾಗ ‘ಇದು ನಿಜವೇ’ ಎಂದು ಕೇಳುವ ಮೊದಲು ‘ಇದು ಯಾವ ಹಂತದಲ್ಲಿದೆ’ ಎಂದು ಕೇಳಿಕೊಳ್ಳಿ. ಊರಿಗೆ ಕಳುಹಿಸುವ ಹಣದ ಮೇಲಿನ ತೆರಿಗೆಯ ಕಥೆಯನ್ನೇ ನೋಡಿ. 2025ರ ಮೇ ತಿಂಗಳಲ್ಲಿ ಬಂದ ಮೊದಲ ಕರಡಿನಲ್ಲಿ, ಅಮೆರಿಕದ ಪೌರರಲ್ಲದವರು ಹೊರದೇಶಕ್ಕೆ ಕಳುಹಿಸುವ ಹಣಕ್ಕೆ ಶೇ 5ರಷ್ಟು ತೆರಿಗೆಯ ಪ್ರಸ್ತಾವವಿತ್ತು. ಮೇ 22ರಂದು ಕೆಳಮನೆಯಾದ ಪ್ರತಿನಿಧಿ ಸಭೆಯು 215–214 ಮತಗಳಿಂದ ಮಸೂದೆಯನ್ನು ಅಂಗೀಕರಿಸುವ ಹೊತ್ತಿಗೆ ಅದು ಶೇ 3.5 ಆಗಿತ್ತು. ಮೇಲ್ಮನೆಯಾದ ಸೆನೆಟ್ ಅದನ್ನು ಮತ್ತೆ ತಿದ್ದಿತು. ಜುಲೈ 4ರಂದು ಅಧ್ಯಕ್ಷರು ಸಹಿ ಮಾಡಿದ ಕಾನೂನಿನಲ್ಲಿ ಉಳಿದದ್ದು ಶೇ 1 ಮಾತ್ರ. ಅದೂ 2026ರ ಜನವರಿಯಿಂದ, ನಗದು, ಮನಿ ಆರ್ಡರ್ ಅಥವಾ ಅಂಥದೇ ರೂಪದಲ್ಲಿ ಕಟ್ಟಿ ಕಳುಹಿಸುವ ಹಣಕ್ಕೆ. ಅಮೆರಿಕದ ಬ್ಯಾಂಕ್ ಖಾತೆಯಿಂದಲೋ ಅಲ್ಲಿನ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನಿಂದಲೋ ಕಳುಹಿಸುವವರಿಗೆ ಅದರ ಬಿಸಿ ತಟ್ಟುವುದಿಲ್ಲ. ಮೇ ತಿಂಗಳಲ್ಲಿ ‘ಶೇ 5 ತೆರಿಗೆ ಬಂತು’ ಎಂದು ಹಂಚಿದವರಲ್ಲಿ ಜುಲೈನಲ್ಲಿ ಅದನ್ನು ತಿದ್ದಿದವರನ್ನು ನಾನು ನಮ್ಮ ಬಳಗದಲ್ಲಿ ಕಾಣಲಿಲ್ಲ.

ಹಂತವನ್ನು ತಿಳಿಯುವುದು ಕಷ್ಟದ ಕೆಲಸವೇನಲ್ಲ. ಸುದ್ದಿಯಲ್ಲಿ ಮಸೂದೆಯ ಸಂಖ್ಯೆ ಇದೆಯೇ ನೋಡಿ. ‘ಎಚ್.ಆರ್.’ ಎಂದು ಆರಂಭವಾದರೆ ಪ್ರತಿನಿಧಿ ಸಭೆಯಲ್ಲಿ ಮಂಡನೆಯಾದದ್ದು, ‘ಎಸ್.’ ಎಂದಿದ್ದರೆ ಸೆನೆಟ್‌ನಲ್ಲಿ, ‘ಎಚ್.ರೆಸ್.’ ಎಂದಿದ್ದರೆ ಅದು ಆ ಒಂದು ಮನೆಯ ಗೊತ್ತುವಳಿ, ಕಾನೂನಾಗುವ ಜಾತಿಯದೇ ಅಲ್ಲ. ಆ ಸಂಖ್ಯೆಯನ್ನು ಅಮೆರಿಕದ ಸಂಸತ್ತಿನ ಅಧಿಕೃತ ಜಾಲತಾಣವಾದ ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಹಾಕಿದರೆ, ಅದು ಸಮಿತಿಯಲ್ಲೇ ಕುಳಿತಿದೆಯೋ ಮತಕ್ಕೆ ಬಂದಿದೆಯೋ ಸಹಿಯಾಗಿದೆಯೋ ಎಂಬುದು ಒಂದೇ ಸಾಲಿನಲ್ಲಿ ಕಾಣುತ್ತದೆ. ಎರಡು ವರ್ಷದ ಒಂದು ಅವಧಿಯಲ್ಲಿ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಸೂದೆಗಳು ಮಂಡನೆಯಾಗುತ್ತವೆ. 2023–24ರ ಅವಧಿಯಲ್ಲಿ ಕಾನೂನಾದವು 300ಕ್ಕೂ ಕಡಿಮೆ. ಆದ್ದರಿಂದ ಯಾವನೋ ಒಬ್ಬ ಸದಸ್ಯ ‘ಎಚ್-1ಬಿ ರದ್ದುಪಡಿಸುವ ಮಸೂದೆ’ ಮಂಡಿಸಿದ ಎಂಬುದು ಆತನ ಕ್ಷೇತ್ರದ ಮತದಾರರಿಗಾಗಿ ಆಡಿದ ಮಾತಾಗಿರುವ ಸಂಭವವೇ ಹೆಚ್ಚು. ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಯೊಂದರ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಲು ನೂರರಲ್ಲಿ 60 ಮತ ಬೇಕು ಎಂಬುದನ್ನೂ ನೆನಪಿಡಿ. ಬಜೆಟ್ಟಿಗೆ ಸಂಬಂಧಿಸಿದ ವಿಶೇಷ ವಿಧಾನಕ್ಕೆ ಮಾತ್ರ ಸರಳ ಬಹುಮತ ಸಾಕು. ಮೇಲೆ ಹೇಳಿದ ತೆರಿಗೆಯ ಕಾನೂನು ಸಮಬಲ ಮುರಿದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಅವರ ಒಂದು ಮತದಿಂದ 51–50ರಲ್ಲಿ ಪಾರಾದದ್ದು ಹೀಗೆ.

ಅಧ್ಯಕ್ಷರ ಕಾರ್ಯಾದೇಶಗಳ ವಿಷಯ ಬೇರೆ. ಅಲ್ಲಿ ಸಹಿ ಬೀಳುವುದು ಬೇಗ, ಆದರೆ ಸಹಿಯ ಬೆನ್ನಿಗೇ ನ್ಯಾಯಾಲಯದ ದಾರಿ ತೆರೆಯುತ್ತದೆ. ಹುಟ್ಟಿನಿಂದ ಬರುವ ಪೌರತ್ವವನ್ನು ಮೊಟಕುಗೊಳಿಸುವ ಆದೇಶಕ್ಕೆ 2025ರ ಜನವರಿ 20ರಂದೇ ಸಹಿಯಾಗಿತ್ತು. ಜಾರಿಯಾಗಬೇಕಿದ್ದ ದಿನಕ್ಕೂ ಮೊದಲೇ ಕೆಳ ನ್ಯಾಯಾಲಯಗಳು ಅದನ್ನು ತಡೆದವು. ಇಂಥ ಆದೇಶಗಳ ಪೂರ್ಣ ಪಾಠ ಫೆಡರಲ್ ರಿಜಿಸ್ಟರ್ ಎಂಬ ಸರ್ಕಾರಿ ಗೆಜೆಟ್ಟಿನಲ್ಲಿ ಸಿಗುತ್ತದೆ. ಹಾಗೆಂದು ಮೂಲ ಪಾಠವನ್ನು ಓದಿದೊಡನೆ ಎಲ್ಲವೂ ತಿಳಿಯಿತು ಎಂದುಕೊಳ್ಳುವಂತೆಯೂ ಇಲ್ಲ. ಆ ಶನಿವಾರ ನಾನು ಎಚ್-1ಬಿ ಘೋಷಣೆಯ ಮೂಲವನ್ನೇ ಎರಡು ಬಾರಿ ಓದಿದೆ. ರಜೆಯ ಮೇಲೆ ಹೊರಗಿರುವವರು ಹಿಂತಿರುಗಿದರೆ ಏನಾಗುತ್ತದೆ ಎಂಬುದು ಅದರಿಂದ ಬಗೆಹರಿಯಲಿಲ್ಲ. ಬಗೆಹರಿಸಿದ್ದು ಅದನ್ನು ಜಾರಿಗೊಳಿಸಬೇಕಾದ ಇಲಾಖೆಯ ಸುತ್ತೋಲೆ. ಆದ್ದರಿಂದ ಮೊದಲು ಮೂಲ ಪಾಠ, ಅನಂತರ ಜಾರಿ ಮಾಡುವ ಇಲಾಖೆಯ ವಿವರಣೆ, ಇವೆರಡರ ನಡುವೆ ಒಂದು ದಿನದ ತಾಳ್ಮೆ ಎಂಬ ಕ್ರಮವನ್ನು ಇಟ್ಟುಕೊಳ್ಳಿ. ನಮ್ಮ ಹುಡುಗನಿಗೆ ಆ ಒಂದು ದಿನ ಇರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಸುದ್ದಿ ಹಂಚುತ್ತಿದ್ದ ಉಳಿದ ಐವತ್ತು ಜನರಿಗೆ ಇತ್ತು.

ಪದಗಳೂ ಸೊನ್ನೆಗಳೂ

ನಮಗೆ ಪರಿಚಿತವಾದ ಪದವೇ ಅಲ್ಲಿ ಬೇರೆ ಅರ್ಥ ಕೊಡುವುದುಂಟು. ‘ಕಾಂಗ್ರೆಸ್ ತಿರಸ್ಕರಿಸಿತು’ ಎಂಬ ಶೀರ್ಷಿಕೆಯನ್ನು ನಮ್ಮ ಪಕ್ಷದ ಹೆಸರಾಗಿ ಓದಿಕೊಂಡು ಜಗಳವಾಡಿದವರನ್ನು ನಾನು ಕಂಡಿದ್ದೇನೆ. ‘ಅಮೆರಿಕದ ಸಂಸತ್ತು’ ಎಂದು ಬರೆದರೆ ಆ ತೊಂದರೆಯೇ ಇಲ್ಲ. ಅಲ್ಲಿನ ‘ಸೆಕ್ರೆಟರಿ’ ಎಂದರೆ ಸಚಿವ, ನಮ್ಮ ಕಾರ್ಯದರ್ಶಿಯಲ್ಲ. ಅಲ್ಲಿನ ಗವರ್ನರ್ ಜನರಿಂದ ಆಯ್ಕೆಯಾಗಿ ಆಡಳಿತ ನಡೆಸುವವರು, ಅಂದರೆ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ‘ರಾಜ್ಯಪಾಲ’ ಎಂದು ಅನುವಾದಿಸಿದರೆ ಕಥೆಯೇ ತಿರುಗುಮುರುಗಾಗುತ್ತದೆ. ಮಹಾಭಿಯೋಗಕ್ಕೆ ಒಳಗಾದರು ಎಂದರೆ ಪದಚ್ಯುತರಾದರು ಎಂದಲ್ಲ: ಟ್ರಂಪ್ ಅವರ ವಿರುದ್ಧ 2019ರಲ್ಲೂ 2021ರಲ್ಲೂ ಪ್ರತಿನಿಧಿ ಸಭೆ ದೋಷಾರೋಪ ಹೊರಿಸಿತು, ಎರಡು ಸಲವೂ ಸೆನೆಟ್‌ನಲ್ಲಿ ಮೂರನೆಯ ಎರಡರಷ್ಟು ಮತ ಸಿಗದೆ ಅವರು ಖುಲಾಸೆಯಾದರು. 2025ರ ಅಕ್ಟೋಬರ್ 1ರಿಂದ 43 ದಿನ ಅಲ್ಲಿ ಸರ್ಕಾರಿ ಕಚೇರಿಗಳು ಸ್ಥಗಿತಗೊಂಡಾಗ ‘ಅಮೆರಿಕ ಸರ್ಕಾರ ಪತನ’ ಎಂಬ ಚಿತ್ರಪಟವೊಂದು ನನಗೂ ಬಂದಿತ್ತು. ನಮ್ಮಲ್ಲಿ ಲೋಕಸಭೆ ಹಣಕಾಸು ಮಸೂದೆಯನ್ನು ತಿರಸ್ಕರಿಸಿದರೆ ಸರ್ಕಾರ ಬೀಳುವ ಮಾತು ಬರುತ್ತದೆ. ಅಲ್ಲಿ ಬೀಳುವುದು ನೌಕರರ ಸಂಬಳ.

ಸಂಖ್ಯೆಗಳಲ್ಲಿ ತಪ್ಪುವುದು ಇನ್ನೂ ಸುಲಭ. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್, ಲಕ್ಷ ಕೋಟಿ ಒಂದು ಟ್ರಿಲಿಯನ್. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ 1.2 ಬಿಲಿಯನ್ ಡಾಲರನ್ನು 12 ಕೋಟಿ ಎಂದು ಬರೆದು, ಅದು ಅಚ್ಚಾಗಿ, ಮೂರನೆಯ ದಿನ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಪ್ರಕಟವಾಯಿತು. ಅಂದಿನಿಂದ ಸೊನ್ನೆಗಳನ್ನು ಕಾಗದದ ಮೇಲೆ ಬರೆದು ಎಣಿಸದೆ ಯಾವ ಮೊತ್ತವನ್ನೂ ಕಳುಹಿಸಿಲ್ಲ. ದಿನಾಂಕವೂ ಹಾಗೆಯೇ: ಅಮೆರಿಕದವರು 4/5 ಎಂದು ಬರೆದರೆ ಅದು ಏಪ್ರಿಲ್ 5.

ಯಾರೂ ನೋಡದ ಕಡೆ ನೋಡುವುದು

ಗಮನಕ್ಕೆ ಬಾರದ ಸುದ್ದಿಯ ತೊಡಕು ಬೇರೆಯೇ ಬಗೆಯದು. ಅಮೆರಿಕದ ಸುದ್ದಿಗೆ ಸಾವಿರ ಮೂಲಗಳಿದ್ದು ಗೊಂದಲವಾದರೆ, ಇಲ್ಲಿ ಮೂಲಗಳೇ ವಿರಳ. 2023ರ ಏಪ್ರಿಲ್ 15ರಂದು ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ನಡುವೆ ಸುಡಾನ್‌ನಲ್ಲಿ ಯುದ್ಧ ಸಿಡಿದಾಗ ಅದು ಕೆಲವು ದಿನ ಕನ್ನಡದ ಮುಖಪುಟದಲ್ಲಿತ್ತು. ಕಾರಣ, ಗಿಡಮೂಲಿಕೆ ಔಷಧ, ಎಣ್ಣೆ ಮಾರಲು ಹೋಗಿದ್ದ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿನ ಅಲ್ ಫಾಶಿರ್ ನಗರದಲ್ಲಿ ಸಿಕ್ಕಿಬಿದ್ದಿದ್ದರು. ವಿಧಾನಸಭಾ ಚುನಾವಣೆಯ ಕಾವಿನಲ್ಲಿ ಸಿದ್ದರಾಮಯ್ಯ ಮತ್ತು ಜೈಶಂಕರ್ ಅವರ ನಡುವೆ ಅದೇ ವಿಷಯಕ್ಕೆ ಬಹಿರಂಗ ವಾಗ್ವಾದವೂ ನಡೆದಿತ್ತು. ಆಪರೇಷನ್ ಕಾವೇರಿಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ ದಾಟಿಸಿ ಕರೆತಂದ ಮೇಲೆ ಸುದ್ದಿ ನಮ್ಮ ಪುಟಗಳಿಂದ ಮಾಯವಾಯಿತು. ಅದೇ ಅಲ್ ಫಾಶಿರ್ 2024ರ ಮೇ ತಿಂಗಳಿಂದ ಮುತ್ತಿಗೆಯಲ್ಲಿ ನರಳಿ, 2025ರ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ವಶವಾಗಿ, ಅಲ್ಲಿ ಸಾಮೂಹಿಕ ಹತ್ಯೆಗಳು ನಡೆದಾಗ, ಆ ಊರಿನ ಹೆಸರನ್ನು ನಾವು ಒಮ್ಮೆ ಕೇಳಿದ್ದೆವು ಎಂಬುದು ಎಷ್ಟು ಮಂದಿಗೆ ನೆನಪಿತ್ತೋ.

ಇಂಥ ಸುದ್ದಿಯನ್ನು ಹಿಡಿಯಲು ಮೊದಲು ಊರಿನ ಹೆಸರನ್ನು ಸರಿಯಾಗಿ ಹುಡುಕಬೇಕು. ಫಾಶರ್, ಫಾಶಿರ್, ಫಶೇರ್ ಎಂದು ಅದು ಹತ್ತು ರೂಪದಲ್ಲಿ ಬರುತ್ತದೆ. ವಿಕಿಪೀಡಿಯಾದ ಪುಟದಿಂದ ಅರಬ್ಬಿ ಲಿಪಿಯ ಹೆಸರನ್ನು ನಕಲು ಮಾಡಿ ಹುಡುಕಿ, ಬಂದದ್ದನ್ನು ಯಂತ್ರಾನುವಾದದಲ್ಲಿ ಓದಿದರೆ ಇಂಗ್ಲಿಷಿನಲ್ಲಿ ಸಿಗದ ಸ್ಥಳೀಯ ವರದಿಗಳು ಸಿಗುತ್ತವೆ. ಅಲ್ ಫಾಶಿರ್ ಇರುವ ಡಾರ್ಫರ್ ಪ್ರದೇಶಕ್ಕೆಂದೇ 2008ರಿಂದ ನೆದರ್ಲೆಂಡ್ಸ್‌ನಿಂದ ಪ್ರಸಾರ ಮಾಡುತ್ತಿರುವ ರೇಡಿಯೊ ದಬಂಗಾ ಇದೆ. ಕಾಂಗೊ ದೇಶಕ್ಕೆ ವಿಶ್ವಸಂಸ್ಥೆಯ ಬೆಂಬಲದ ರೇಡಿಯೊ ಒಕಾಪಿ ಇದೆ. ಎಲ್ಲ ದೇಶಗಳ ಪರಿಹಾರ ವರದಿಗಳನ್ನು ಒಂದೆಡೆ ಇಡುವ ರಿಲೀಫ್‌ವೆಬ್ ಇದೆ. ಇವನ್ನು ನೋಡಿದ ಮೇಲೆ ‘ಒಂದು ಮಾಧ್ಯಮವೂ ಇದನ್ನು ತೋರಿಸುತ್ತಿಲ್ಲ’ ಎಂದು ಬರೆಯುವ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ. ತೋರಿಸುವವರಿದ್ದಾರೆ, ನಾವು ಅತ್ತ ತಿರುಗಿರುವುದಿಲ್ಲ.

ಚಿತ್ರಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಲ್ ಫಾಶಿರ್ ಬಿದ್ದ ವಾರ, ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ಶವಗಳನ್ನು ಹೋಲುವ ಆಕೃತಿಗಳನ್ನೂ ನೆಲದ ಮೇಲಿನ ಕೆಂಪು ಕಲೆಗಳನ್ನೂ ಗುರುತಿಸಿ ವರದಿ ಪ್ರಕಟಿಸಿದರು. ಅದರ ಬೆನ್ನಲ್ಲೇ ‘ಬಾಹ್ಯಾಕಾಶದಿಂದಲೂ ಕಾಣುವ ರಕ್ತ’ ಎಂದು ಹರಡಿದ ಇನ್ನೊಂದು ಚಿತ್ರ ಮಾತ್ರ ಬೇರೆ ಜಾಗದ್ದು, ಹಳೆಯದು. ಅದರಲ್ಲಿ ಕಂಡದ್ದು ನೀರಿನ ತಾಣದ ಸುತ್ತ ನೆರೆದ ದನಗಳ ಹಿಂಡು. ನಿಜವಾದ ಸಾಕ್ಷ್ಯ ಇದ್ದಾಗಲೇ ಸುಳ್ಳು ಚಿತ್ರ ಹೆಚ್ಚು ಕೆಡುಕು ಮಾಡುತ್ತದೆ, ಏಕೆಂದರೆ ಅದು ಬಯಲಾದ ಮರುಕ್ಷಣ ‘ಎಲ್ಲವೂ ಕಟ್ಟುಕಥೆ’ ಎನ್ನುವವರಿಗೆ ಹಿಡಿಯಲು ಹಗ್ಗ ಸಿಗುತ್ತದೆ. ಗೂಗಲ್ ಲೆನ್ಸ್‌ನಲ್ಲೋ ಟಿನ್‌ಐನಲ್ಲೋ ಚಿತ್ರವನ್ನು ಹಾಕಿ ಅದು ಮೊದಲು ಯಾವಾಗ ಕಾಣಿಸಿಕೊಂಡಿತು ಎಂದು ನೋಡಲು ಎರಡು ನಿಮಿಷ ಸಾಕು. ಚಿತ್ರದ ಮೂಲ ಸಿಗದಿದ್ದರೆ ಅಕ್ಷರ ಮಾತ್ರ ಹಂಚಿ.

ಅಮೆರಿಕದ ರಾಜಕೀಯಕ್ಕೂ ಈ ಯುದ್ಧಕ್ಕೂ ಸಂಬಂಧವಿಲ್ಲ ಎಂದುಕೊಂಡವರಿಗೆ ಒಂದು ಎಳೆ ತೋರಿಸುತ್ತೇನೆ. 2025ರ ಜನವರಿ 20ರಂದು ಅಧ್ಯಕ್ಷರು ವಿದೇಶಿ ನೆರವನ್ನು ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ವಾಷಿಂಗ್ಟನ್‌ನಲ್ಲಿ ಅದು ಪಕ್ಷರಾಜಕೀಯದ ಚರ್ಚೆಯಾಯಿತು. ಸುಡಾನ್‌ನಲ್ಲಿ ನೆರೆಹೊರೆಯ ಸ್ವಯಂಸೇವಕರು ಹಸಿದವರಿಗೆ ಗಂಜಿ ಕಾಯಿಸುತ್ತಿದ್ದ ನೂರಾರು ಸಾಮೂಹಿಕ ಅಡುಗೆಮನೆಗಳ ಒಲೆ ಆರಿತು. ಎರಡೂ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಬರೆಯುವವರು ಕನ್ನಡದಲ್ಲಿ ಬೇಕು.

ಬರೆಯುವಾಗ

ಹಂಚುವ ಮೊದಲು ಮೂರು ನಾಲ್ಕು ಸಾಲು ನೀವೇ ಕನ್ನಡದಲ್ಲಿ ಬರೆಯಿರಿ. ಬರಿಯ ಕೊಂಡಿಯನ್ನು ಎಸೆದರೆ ಯಾರೂ ತೆರೆಯುವುದಿಲ್ಲ. ನನಗೆ ಬಂದ ಒಂದು ಸಂದೇಶ ಇದು: “ಸುಡಾನ್‌ನಲ್ಲಿ ಯುಎಇ ನರಮೇಧ! 1,50,000 ಸಾವು. ಕೋರ್ಟೇ ಯುಎಇಯನ್ನು ಬಿಟ್ಟುಬಿಟ್ಟಿದೆ!!” ಅದನ್ನು ನಾನು ಹೀಗೆ ತಿದ್ದಿ ಕಳುಹಿಸಿದೆ: “ಸುಡಾನ್‌ನ ಆರ್‌ಎಸ್‌ಎಫ್ ಪಡೆ ನರಮೇಧ ಎಸಗಿದೆ ಎಂದು ಅಮೆರಿಕದ ವಿದೇಶಾಂಗ ಇಲಾಖೆ 2025ರ ಜನವರಿ 7ರಂದು ಹೇಳಿದೆ, ಇದು ಸರ್ಕಾರವೊಂದರ ನಿರ್ಣಯ, ನ್ಯಾಯಾಲಯದ ತೀರ್ಪಲ್ಲ. ಆ ಪಡೆಗೆ ಯುಎಇ ಶಸ್ತ್ರ ಒದಗಿಸುತ್ತಿದೆ ಎಂಬ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2024ರಲ್ಲಿ ವರದಿ ಕೊಟ್ಟಿದೆ. ಯುಎಇ ಅದನ್ನು ಅಲ್ಲಗಳೆದಿದೆ. ಸುಡಾನ್ ಹೂಡಿದ ಮೊಕದ್ದಮೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಮೇ 5ರಂದು ಕೈಬಿಟ್ಟದ್ದು ತನಗೆ ವಿಚಾರಣೆಯ ಅಧಿಕಾರವಿಲ್ಲ ಎಂಬ ಕಾರಣಕ್ಕೆ. ಆರೋಪದ ಸತ್ಯಾಸತ್ಯವನ್ನು ಅದು ನೋಡಲೇ ಇಲ್ಲ. 1,50,000 ಎಂಬುದು ಅಮೆರಿಕದ ಆಗಿನ ವಿಶೇಷ ದೂತರು 2024ರಲ್ಲಿ ಉಲ್ಲೇಖಿಸಿದ ಅಂದಾಜಿನ ಮೇಲ್ಮಿತಿ.” ಎರಡನೆಯದು ಉದ್ದವಾಯಿತು, ಒಪ್ಪುತ್ತೇನೆ. ಆದರೆ ಅದರಲ್ಲಿ ಪ್ರತಿ ಮಾತಿಗೂ ಒಬ್ಬ ವಾರಸುದಾರನಿದ್ದಾನೆ.

ಪತ್ರಿಕೆಗಳ ‘ಎನ್ನಲಾಗಿದೆ’, ‘ತಿಳಿದುಬಂದಿದೆ’ಗಳನ್ನು ಬಳಸಬೇಡಿ ಎಂದು ಹೇಳುವುದು ನನ್ನ ಹಳೆಯ ಕಸುಬಿಗೆ ದ್ರೋಹವಾದೀತು, ಆದರೂ ಹೇಳುತ್ತೇನೆ, ಏಕೆಂದರೆ ಅವು ಹೇಳಿದವರ ಮುಖ ಮುಚ್ಚುತ್ತವೆ. ‘ವಿಶ್ವಸಂಸ್ಥೆ ಹೇಳಿದೆ’, ‘ಸೇನೆಯ ವಕ್ತಾರರು ಹೇಳಿದರು’ ಎಂದು ಹೆಸರು ಹಿಡಿದು ಬರೆಯಿರಿ. ಮನೆಯ ಗುಂಪಿನಲ್ಲಾದರೆ ನೇರವಾಗಿ ‘ಅಂತೆ’ ಎನ್ನಿ. ಬರಕ್ಕೂ ಕ್ಷಾಮಕ್ಕೂ ವ್ಯತ್ಯಾಸ ಉಳಿಸಿಕೊಳ್ಳಿ: ಬರ ಮಳೆ ತಪ್ಪಿದ್ದರಿಂದ ಬರುವಂಥದ್ದು; 2024ರ ಆಗಸ್ಟ್‌ನಲ್ಲಿ ಅಲ್ ಫಾಶಿರ್ ಹತ್ತಿರದ ಜಮ್‌ಜಮ್ ಶಿಬಿರದಲ್ಲಿ ಹಸಿವಿನ ತೀವ್ರತೆಯನ್ನು ಅಳೆಯುವ ಐಪಿಸಿ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ದೃಢಪಡಿಸಿದ್ದು ಕ್ಷಾಮ. ಅದಕ್ಕೆ ಹಸಿವು, ಮಕ್ಕಳ ಅಪೌಷ್ಟಿಕತೆ, ಸಾವಿನ ಪ್ರಮಾಣ ಎಂಬ ಮೂರು ಅಳತೆಗಳಿವೆ, ಮತ್ತು ಅಲ್ಲಿ ಅದನ್ನು ತಂದದ್ದು ಯುದ್ಧ.

ಚರ್ಚೆಗೆ ಇಳಿದಾಗ

ನಮ್ಮ ಚರ್ಚೆಗಳು ನಡೆಯುವುದು ಅಪರಿಚಿತರೊಡನೆ ಅಲ್ಲ, ಭಾವನೊಡನೆ, ಚಿಕ್ಕಪ್ಪನೊಡನೆ, ಅಮೆರಿಕದ ಎಡಿಸನ್ ಪಟ್ಟಣದಲ್ಲಿರುವ ಕನ್ನಡ ಕೂಟದ ಗೆಳೆಯರೊಡನೆ. ಆದ್ದರಿಂದ ಗೆಲ್ಲುವ ಮಾತಿಗಿಂತ ಕೇಳುವ ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ. “ಭಾವ, ನೀವು ಹೇಳುತ್ತಿರುವ ಅಂಕಿ ಯಾವ ತಿಂಗಳದ್ದು?” ಎಂಬ ಒಂದು ಪ್ರಶ್ನೆ ನಮ್ಮ ಗುಂಪಿನಲ್ಲಿ ಎಷ್ಟೋ ಜಗಳಗಳನ್ನು ಮೊಳಕೆಯಲ್ಲೇ ನಿಲ್ಲಿಸಿದೆ. ವಾದವನ್ನು ಎರಡಾಗಿ ಸೀಳಿ ನೋಡಿ: ನಡೆದದ್ದೇನು ಎಂಬ ಭಾಗಕ್ಕೆ ದಾಖಲೆ ಇದೆ, ನಡೆದದ್ದು ಸರಿಯೇ ಎಂಬ ಭಾಗಕ್ಕೆ ಅಭಿಪ್ರಾಯ ಮಾತ್ರ ಇದೆ. ವಲಸೆಯನ್ನು ಬಿಗಿಗೊಳಿಸುವುದು ಸರಿ ಎನ್ನುವ ಭಾವನೂ ಶುಲ್ಕ ಒಂದು ಬಾರಿಯದೋ ವಾರ್ಷಿಕವೋ ಎಂಬುದರಲ್ಲಿ ನನ್ನೊಡನೆ ಒಮ್ಮತಕ್ಕೆ ಬರಲು ಅಡ್ಡಿಯಿಲ್ಲ. ಅಷ್ಟಾದರೆ ಉಳಿದ ಭಿನ್ನಾಭಿಪ್ರಾಯವನ್ನು ಇಟ್ಟುಕೊಂಡೇ ಊಟಕ್ಕೆ ಕೂರಬಹುದು. ಅಲ್ಲಿರುವವರ ಮಾತಿಗೆ ಅನುಭವದ ತೂಕವಿದೆ, ಆದರೆ ಅಲ್ಲಿರುವುದೇ ಪ್ರಮಾಣವಲ್ಲ. ಎಚ್-1ಬಿಯಲ್ಲಿರುವವರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ ಎಂಬುದನ್ನು ಇಲ್ಲಿನ ಅನೇಕರು ಅರಿಯರು. ಒಂಬತ್ತು ವರ್ಷದಿಂದ ಅಲ್ಲಿ ತೆರಿಗೆ ಕಟ್ಟುತ್ತಿರುವ ನಮ್ಮ ಹುಡುಗನನ್ನು ‘ನೀನು ಯಾರಿಗೆ ಹಾಕಿದೆ’ ಎಂದು ಕೇಳದ ನೆಂಟರಿಲ್ಲ.

ಸಮೀಕ್ಷೆಗಳನ್ನು ಹಿಡಿದು ವಾದಿಸುವವರು, ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಸುಮಾರು ಶೇ 3ರಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ ಎಂಬುದನ್ನು ತಿಳಿದಿದ್ದರೆ ಸಾಕು. 48–46 ಎಂಬುದು ಮುನ್ನಡೆಯಲ್ಲ. ಮೇಲಾಗಿ, ಅಲ್ಲಿ ಅಧ್ಯಕ್ಷರ ಚುನಾವಣೆಯಲ್ಲಿ ಗೆಲ್ಲಿಸುವುದು ಒಟ್ಟು ಜನಮತವಲ್ಲ, ರಾಜ್ಯವಾರು ಹಂಚಿಕೆಯಾದ 538 ಎಲೆಕ್ಟರ್ ಮತಗಳಲ್ಲಿ 270. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಜನಮತ ಮುಂದಿದ್ದು ಸೋತರು.

‘ಮಣಿಪುರದ ಬಗ್ಗೆ ಮಾತಾಡದವರಿಗೆ ಸುಡಾನ್ ಏಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸಿಟ್ಟಾಗಬೇಡಿ, ಉತ್ತರಿಸಲು ಹೋಗಿ ವಿಷಯವನ್ನೂ ಬಿಡಬೇಡಿ. ‘ಅದೂ ಮಾತಾಡಬೇಕಾದದ್ದೇ, ನೀವು ಬರೆಯಿರಿ, ನಾನು ಓದುತ್ತೇನೆ’ ಎಂದು ಹೇಳಿ ಹಿಡಿದ ಎಳೆಗೆ ಮರಳಿ. ಹೀಗೆ ಹೇಳಿದಾಗ ನಿಜವಾಗಿಯೂ ಬರೆದವರು ಒಬ್ಬರಿದ್ದರು. ಅವರ ಬರಹ ಚೆನ್ನಾಗಿತ್ತು.

ತಪ್ಪಿದಾಗ

ಎಷ್ಟು ಜಾಗ್ರತೆ ವಹಿಸಿದರೂ ಒಮ್ಮೆ ತಪ್ಪುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಂದೇಶವನ್ನು ತಿದ್ದಲು ಹದಿನೈದು ನಿಮಿಷ ಮಾತ್ರ ಅವಕಾಶವಿದೆ. ಅದು ಮೀರಿದ್ದರೆ ಸದ್ದಿಲ್ಲದೆ ಅಳಿಸಬೇಡಿ. ಅಳಿಸಿದರೆ ಅದನ್ನಾಗಲೇ ಮುಂದಕ್ಕೆ ಕಳುಹಿಸಿದವರಿಗೆ ತಿಳಿಯುವುದೇ ಇಲ್ಲ. ಹಳೆಯ ಸಂದೇಶವನ್ನೇ ಒತ್ತಿ ಹಿಡಿದು, ಅದಕ್ಕೆ ಪ್ರತ್ಯುತ್ತರವಾಗಿ, ಯಾವ ಮಾತು ತಪ್ಪು, ಸರಿಯಾದದ್ದು ಏನು, ಅದು ಎಲ್ಲಿಂದ ತಿಳಿಯಿತು ಎಂದು ಮೂರು ಸಾಲಿನಲ್ಲಿ ಬರೆದರೆ ತಪ್ಪೂ ತಿದ್ದುಪಡಿಯೂ ಅಕ್ಕಪಕ್ಕ ಕಾಣುತ್ತವೆ. ನೀವು ಬೇರೆ ಯಾವ ಗುಂಪುಗಳಿಗೆ ಕಳುಹಿಸಿದ್ದಿರೋ ಅಲ್ಲೆಲ್ಲ ಇದನ್ನೇ ಹಾಕಿ. ಆ ಸೆಪ್ಟೆಂಬರಿನ ಶನಿವಾರದ ಸಂದೇಶವನ್ನು ನಮ್ಮ ಗುಂಪಿಗೆ ಹಾಕಿದ್ದವರು ನನ್ನ ಚಿಕ್ಕಪ್ಪ. ಸೋಮವಾರ ಅವರು ಹೀಗೆಯೇ ಪ್ರತ್ಯುತ್ತರ ಬರೆದು, ಕೆಳಗೆ ಹುಡುಗನ ಹೆಸರು ಹಿಡಿದು, ಮುಂದಿನ ದಸರೆಗೆ ಬರುವ ಟಿಕೆಟ್ಟಿನ ಅರ್ಧ ದುಡ್ಡು ತನ್ನದು ಎಂದು ಸೇರಿಸಿದ್ದರು.